ನೀರು ನಿಂತ ಗೆರೆ: ಬಡಾವಣೆಯ ಬೀದಿಯಲ್ಲಿ ನೆರೆಮಟ್ಟ ಎಳೆಯುವ ಕೆಲಸದ ದಾಖಲೆ

2007ರಲ್ಲಿ ಕಲಾವಿದೆ ಈವ್ ಮೋಶರ್ ಬೇಸ್‌ಬಾಲ್ ಮೈದಾನಕ್ಕೆ ಗೆರೆ ಹಾಕುವ ತಳ್ಳುಯಂತ್ರವನ್ನು ನ್ಯೂಯಾರ್ಕ್‌ನ ಬೀದಿಗಿಳಿಸಿದರು. ಸಮುದ್ರಮಟ್ಟದಿಂದ 10 ಅಡಿ ಎತ್ತರ ಎಲ್ಲೆಲ್ಲಿ ಹಾದುಹೋಗುತ್ತದೋ ಅಲ್ಲೆಲ್ಲ ನೀಲಿ ಸೀಮೆಸುಣ್ಣದ ಗೆರೆ ಎಳೆಯುತ್ತ ಬ್ರೂಕ್ಲಿನ್ ಮತ್ತು ಕೆಳ ಮ್ಯಾನ್‌ಹಟನ್‌ನ ಅಂಚಿನಲ್ಲಿ ಸುಮಾರು 70 ಮೈಲಿ ನಡೆದರು. ಕೃತಿಯ ಹೆಸರು ಹೈವಾಟರ್‌ಲೈನ್. ಯಂತ್ರ ನಿಲ್ಲಿಸಿ, ‘ಇದೇನಮ್ಮ?’ ಎಂದವರ ಜೊತೆ ಆಡಿದ ಮಾತೂ ಕೃತಿಯ ಭಾಗವೇ ಆಗಿತ್ತು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಆ ಗೆರೆ ಹಾದುಹೋಗಿದ್ದ ಹಲವು ಬೀದಿಗಳಿಗೆ ನೀರು ನುಗ್ಗಿತು. ಮುಂದೆ 2013ರಲ್ಲಿ ಮಯಾಮಿಯಲ್ಲಿ, 2014ರಲ್ಲಿ ಬ್ರಿಸ್ಟಲ್‌ನಲ್ಲಿ ಯಂತ್ರ ತಳ್ಳಿದವರು ಅಲ್ಲಲ್ಲಿನ ನಿವಾಸಿಗಳೇ.

ಇದನ್ನೇ ಬೆಂಗಳೂರಿನಲ್ಲಿ ಮಾಡಲು ಏನೇನು ಬೇಕು, ಎಲ್ಲಿ ಕೈಕೊಡುತ್ತದೆ ಎನ್ನುವುದು ಈ ದಾಖಲೆ. ಮೊದಲ ತೊಡಕು ಯಂತ್ರದ್ದಲ್ಲ, ಭೂಗೋಳದ್ದು. ನ್ಯೂಯಾರ್ಕ್‌ನಲ್ಲಿ ನೀರು ಬರುವುದು ಸಮುದ್ರದಿಂದ. ಹಾಗಾಗಿ ಒಂದೇ ಎತ್ತರದ ಗೆರೆ ಇಡೀ ಊರಿಗೆ ಸಾಕು. ನಕ್ಷೆ ನೋಡಿ ಎಳೆಯಬಹುದು. ಬೆಂಗಳೂರು ನಿಂತಿರುವುದು ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನ ದಿಬ್ಬದ ಮೇಲೆ. ಇಲ್ಲಿ ನೀರು ದಿಬ್ಬದಿಂದ ಕಣಿವೆಗಿಳಿದು, ರಾಜಕಾಲುವೆ ಹಿಡಿದು, ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ. ಹರಿಯುವ ನೀರಿನ ಮೇಲ್ಮೈ ಸಮತಟ್ಟಾಗಿರುವುದಿಲ್ಲ, ಇಳಿಜಾರಾಗಿರುತ್ತದೆ. ಸಾಲದ್ದಕ್ಕೆ ದಾರಿಯಲ್ಲಿ ಸಿಗುವ ಒಂದೊಂದು ಮೋರಿಯೂ (ರಸ್ತೆಯಡಿ ನೀರು ಹಾಯುವ ಕಿಂಡಿ) ಒಂದು ಮೆಟ್ಟಿಲು: ಅದರ ಕಣ್ಣು ಕಿರಿದಾಗಿದ್ದರೆ ಮೇಲ್ಗಡೆ ನೀರು ಕಟ್ಟಿ ನಿಲ್ಲುತ್ತದೆ, ಕೆಳಗಡೆ ಒಂದಡಿ, ಎರಡಡಿ ತಗ್ಗಿರುತ್ತದೆ. ಮೋಶರ್ ಅವರ ವಿಧಾನವನ್ನು ಎರವಲು ತರಬಹುದು, ಅವರ ಗೆರೆಯನ್ನು ತರಲಾಗದು. ಇಲ್ಲಿನ ಗೆರೆ ಮೋರಿಯಿಂದ ಮೋರಿಗೆ ತುಂಡುತುಂಡಾಗಿಯೇ ಇರಬೇಕು, ಪ್ರತಿ ತುಂಡಿಗೂ ಅದರದೇ ಗುರುತು, ಅಂದರೆ ನೀರು ಎಷ್ಟೆತ್ತರ ಬಂದಿತ್ತೆಂಬ ಸಾಕ್ಷಿ, ಬೇಕು.

ಎತ್ತರವನ್ನು ಎಲ್ಲಿಂದ ತೆಗೆದುಕೊಳ್ಳುವುದು

ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರವನ್ನು ನಂಬಬೇಡಿ. ಹಲವು ಮೀಟರ್ ಆಚೀಚೆ ಇರುತ್ತದೆ. ಉಪಗ್ರಹದಿಂದ ಮಾಡಿದ ಉಚಿತ ಎತ್ತರದ ನಕ್ಷೆಗಳಲ್ಲಿ ಒಂದು ಚೌಕ ಎಂದರೆ ಸುಮಾರು 30 ಮೀಟರ್. ಅದರೊಳಗೆ ನಾಲ್ಕು ಮನೆ, ಒಂದು ಚರಂಡಿ ಎಲ್ಲ ಸೇರಿ ಒಂದೇ ಸಂಖ್ಯೆ. ಮೊಣಕಾಲು ಮಟ್ಟದ ನೀರನ್ನು ಹುಡುಕುವವರಿಗೆ ಇವು ಉಪಯೋಗಕ್ಕಿಲ್ಲ. ನಂಬಬಹುದಾದ ದಾಖಲೆ ಇರುವುದು ಗೋಡೆಯಲ್ಲಿ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ (ನಗರದಲ್ಲಿ ಒಂದೇ ದಿನ 131.6 ಮಿ.ಮೀ. ದಾಖಲಾಗಿತ್ತು) ಮುಳುಗಿದ ಬಡಾವಣೆಗಳಲ್ಲಿ ಹುಡುಕಿದರೆ ಕಲೆ ಇನ್ನೂ ಸಿಗಬಹುದು.

ಆದರೆ ಕಲೆಯಲ್ಲಿ ಎರಡು ಬಗೆ. ಇಟ್ಟಿಗೆ ಗೋಡೆಯಲ್ಲಿ ಬಣ್ಣ ಉಬ್ಬಿ, ಉಪ್ಪು ಹೂವಾಗಿ ಎದ್ದು ಕಾಣುವ ಗೆರೆ ನೀರಿನ ಮಟ್ಟವಲ್ಲ. ಗಾರೆ ತೇವ ಹೀರುತ್ತದೆ. ನೀರು ನಿಂತ ಎತ್ತರಕ್ಕಿಂತ ಒಂದು ಗೇಣಿನಿಂದ ಎರಡಡಿವರೆಗೂ ತೇವ ಮೇಲೇರಿರುತ್ತದೆ. ಅದನ್ನು ಅಳೆದರೆ ನೆರೆಯನ್ನು ಸುಮ್ಮನೆ ದೊಡ್ಡದು ಮಾಡಿದಂತೆ, ಒಬ್ಬ ಎಂಜಿನಿಯರ್ ಬಂದು ನೋಡಿದರೆ ನಿಮ್ಮ ಗೆರೆಯೆಲ್ಲ ಸುಳ್ಳಾಗುತ್ತದೆ. ಬೇಕಾದ್ದು ನೀರು ಹೀರದ ವಸ್ತುವಿನ ಮೇಲಿನ ಕೆಸರಿನ ಗೆರೆ: ಕಬ್ಬಿಣದ ಗೇಟಿನ ಒಳಮೈ, ಗ್ಲೇಜ್ ಟೈಲ್ಸ್, ಕಿಟಕಿ ಗಾಜು, ವಿದ್ಯುತ್ ಮೀಟರಿನ ಪ್ಲಾಸ್ಟಿಕ್ ಪೆಟ್ಟಿಗೆಯ ಒಳಬದಿ. ಮೀಟರ್ ಪೆಟ್ಟಿಗೆಯನ್ನು ಯಾರೂ ತೊಳೆಯುವುದಿಲ್ಲ, ಹಾಗಾಗಿ ಅದು ಬಹಳ ಒಳ್ಳೆಯ ಸಾಕ್ಷಿ. ತೆರೆಯುವುದು ಮನೆಯವರೇ ಆಗಲಿ, ಒಣಗಿದ ಕೈಯಲ್ಲಿ, ಒಳಗಿನ ತಂತಿ ಮುಟ್ಟದೆ.

ಮುಖ್ಯರಸ್ತೆಗೆ ಮುಖ ಮಾಡಿರುವ ಗೋಡೆಗಳನ್ನೂ ಬಿಡಿ. ನೀರಿನಲ್ಲಿ ಬಸ್ಸು, ಟ್ರ್ಯಾಕ್ಟರ್ ಹಾದಾಗ ಎದ್ದ ಅಲೆ ಅಲ್ಲಿ ನಿಜವಾದ ಮಟ್ಟಕ್ಕಿಂತ ಮೇಲೆ ಕೆಸರು ಬಳಿದಿರುತ್ತದೆ. ಕಾಂಪೌಂಡಿನ ಒಳಗೆ ಹೋಗಿ ನೋಡಿ. ಕಲೆ ಸಿಗದ ಕಡೆ ಆ ದಿನದ ಫೋಟೊ ಕೇಳಿ: ನೀರು ಸ್ಕೂಟರಿನ ಯಾವ ಭಾಗಕ್ಕೆ ತಾಗಿದೆ, ಮೆಟ್ಟಿಲಿನ ಎಷ್ಟನೆಯದು ಕಾಣುತ್ತಿಲ್ಲ. ಮೆಟ್ಟಿಲು ಇವತ್ತೂ ಅಲ್ಲೇ ಇರುತ್ತದೆ, ಟೇಪು ಹಿಡಿದು ಅಳೆಯಬಹುದು. ‘ಸೊಂಟದವರೆಗೆ ಬಂದಿತ್ತು’ ಎನ್ನುವ ಮಾತನ್ನು ಬರೆದುಕೊಳ್ಳಿ, ಆದರೆ ಅಳತೆಯಾಗಿ ಬಳಸಬೇಡಿ. ಯಾರ ಸೊಂಟ ಎಂಬುದರ ಮೇಲೆ ಅರ್ಧ ಅಡಿ ಹೆಚ್ಚುಕಡಿಮೆಯಾಗುತ್ತದೆ.

ಒಂದು ತುಂಡಿಗೆ ಕನಿಷ್ಠ ಎರಡು ಗುರುತು: ಮೇಲಿನ ತುದಿಗೆ ಒಂದು, ಕೆಳಗಿನ ತುದಿಗೆ ಒಂದು. ಎರಡರ ನಡುವೆ 200 ಮೀಟರ್ ಅಂತರ, 30 ಸೆಂ.ಮೀ. ವ್ಯತ್ಯಾಸ ಇದ್ದರೆ ಪ್ರತಿ 20 ಮೀಟರಿಗೆ ಗೆರೆಯನ್ನು 3 ಸೆಂ.ಮೀ. ಇಳಿಸುತ್ತ ಹೋಗಬೇಕು. ನಡುವೆ ಮೋರಿ ಬಂದರೆ ಈ ಲೆಕ್ಕ ಅಲ್ಲಿಗೆ ಮುಗಿಯಿತು. ಆಚೆಕಡೆ ಹೊಸ ಗುರುತು ಹುಡುಕಿ.

ಮಟ್ಟ ಸಾಗಿಸುವುದು

ಡಂಪಿ ಲೆವೆಲ್ (ಮಟ್ಟ ನೋಡುವ, ದುರ್ಬೀನಿನಂಥ ಸರ್ವೆ ಉಪಕರಣ) ಬಾಡಿಗೆಗೆ ಸಿಗುತ್ತದೆ, ಹಿಡಿಯಲು ಬಲ್ಲವರೊಬ್ಬರಿದ್ದರೆ ಕೆಲಸ ಬೇಗ ಆಗುತ್ತದೆ. ಆದರೂ ಬೀದಿಯ ಜನ ಸೇರಿ ಮಾಡುವ ಕೆಲಸಕ್ಕೆ ಗಾರೆ ಮೇಸ್ತ್ರಿಗಳ ಲೆವೆಲ್ ಟ್ಯೂಬೇ ವಾಸಿ. ಒಳವ್ಯಾಸ 8–10 ಮಿ.ಮೀ. ಇರುವ ಪಾರದರ್ಶಕ ಪೈಪು, 25 ಮೀಟರ್ ಉದ್ದ. ಕೆಲಸಕ್ಕೆ ಸಿಗುವುದು 20 ಮೀಟರ್. ಲೆನ್ಸಿನಲ್ಲಿ ಕಣ್ಣಿಟ್ಟವರಿಗೆ ಮಾತ್ರ ಕಾಣುವ ಮಟ್ಟವನ್ನು ಯಾರೂ ನಂಬುವುದಿಲ್ಲ. ಪೈಪಿನೊಳಗಿನ ನೀರು ಎದುರುಮನೆಯ ಕಂಬದ ಮೇಲೆ ಬಂದು ನಿಂತಾಗ ಅಜ್ಜಿಯೂ ನಂಬುತ್ತಾರೆ, ಮೊಮ್ಮಗನೂ ನಂಬುತ್ತಾನೆ.

ಬಕೆಟ್ಟನ್ನು ಎತ್ತರದಲ್ಲಿಟ್ಟು ಪೈಪಿನ ಒಂದು ತುದಿ ಮುಳುಗಿಸಿ, ಇನ್ನೊಂದನ್ನು ಕೆಳಗಿಳಿಸಿ ನಿಧಾನವಾಗಿ ತುಂಬಿ. ನಲ್ಲಿಗೆ ನೇರ ಹಚ್ಚಿದರೆ ಗುಳ್ಳೆ ಸೇರುತ್ತದೆ. ನೀರಿಗೆ ನಾಲ್ಕು ಹನಿ ಇಂಕು ಹಾಕಿದರೆ ಬಿಸಿಲಿನಲ್ಲೂ ಕಾಣುತ್ತದೆ. ತುಂಬಿದ ಮೇಲೆ ಎರಡೂ ತುದಿಗಳನ್ನು ಅಕ್ಕಪಕ್ಕ ಹಿಡಿಯಿರಿ. ನೀರು ಒಂದೇ ಎತ್ತರದಲ್ಲಿ ನಿಂತರೆ ಸರಿ. ನಿಲ್ಲದಿದ್ದರೆ ಒಳಗೆಲ್ಲೋ ಗುಳ್ಳೆ ಇದೆ, ಬೆರಳಿನಿಂದ ತಟ್ಟುತ್ತ ಅದನ್ನು ತುದಿಗೆ ತನ್ನಿ. ಜಾಗ ಬದಲಿಸಿದಾಗಲೆಲ್ಲ ಈ ಪರೀಕ್ಷೆ ಬೇಕು.

ಅತಿ ಸಾಮಾನ್ಯ ತಪ್ಪು ಹೆಬ್ಬೆರಳಿನದು. ನಡೆಯುವಾಗ ನೀರು ಚೆಲ್ಲದಿರಲೆಂದು ತುದಿ ಮುಚ್ಚಿಕೊಳ್ಳುತ್ತಾರೆ, ಓದುವಾಗ ಒಬ್ಬರು ಬೆರಳು ತೆಗೆಯಲು ಮರೆಯುತ್ತಾರೆ. ಒತ್ತಡ ಹೊಂದಿಕೊಳ್ಳದೆ ನೀರು ತಪ್ಪು ಎತ್ತರದಲ್ಲಿ ನಿಂತುಬಿಡುತ್ತದೆ. ‘ಬಿಟ್ಟೆ’ ಎಂದು ಇಬ್ಬರೂ ಗಟ್ಟಿಯಾಗಿ ಹೇಳಿದ ಮೇಲೆಯೇ ಪೆನ್ಸಿಲ್ ಹಚ್ಚುವುದು ಎಂಬ ನಿಯಮ ಮಾಡಿಕೊಳ್ಳಿ. ಒಂದು ತುದಿ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇದ್ದರೂ ವ್ಯತ್ಯಾಸ ಬರುತ್ತದೆ, ಒಂದು ಮೀಟರ್ ಎತ್ತರದ ನೀರಿಗೆ 10 ಡಿಗ್ರಿಗೆ ಸುಮಾರು 3 ಮಿ.ಮೀ.; ನಮ್ಮ ಕೆಲಸಕ್ಕೆ ಇದು ಲೆಕ್ಕಕ್ಕಿಲ್ಲ. ಕೊನೆಗೆ ಹೊರಟ ಗುರುತಿಗೇ ವಾಪಸ್ ಬಂದು ಮಟ್ಟ ತಾಳೆ ನೋಡಿ. ಸುಮಾರು 500 ಮೀಟರ್ ಸುತ್ತಿ ಬಂದಾಗ 3 ಸೆಂ.ಮೀ. ಒಳಗೆ ಕೂಡಿದರೆ ಒಪ್ಪಬಹುದು. ಹೆಚ್ಚಿದ್ದರೆ ವ್ಯತ್ಯಾಸವನ್ನು ಹಂಚಿ ಮುಚ್ಚಿಹಾಕಬೇಡಿ, ಮತ್ತೆ ಅಳೆಯಿರಿ.

ಇಲ್ಲೊಂದು ಸೂಕ್ಷ್ಮ ಇದೆ. ನೆಲ 200 ಅಡಿಗೆ ಒಂದು ಅಡಿ ಇಳಿಯುವಷ್ಟು ಚಪ್ಪಟೆಯಾಗಿದ್ದರೆ, ಎತ್ತರದಲ್ಲಿ 5 ಸೆಂ.ಮೀ. ತಪ್ಪಾದರೂ ನೆಲದ ಮೇಲಿನ ಗೆರೆ 10 ಮೀಟರ್ ಸರಿಯುತ್ತದೆ. ಅಂದರೆ ಒಂದೆರಡು ಮನೆಗಳಷ್ಟು. ಇಂಥ ಬೀದಿಯಲ್ಲಿ ನೀರಿನ ಅಂಚನ್ನು ನೆಲದ ಮೇಲೆ ಎಳೆಯುವ ಹಟ ಬೇಡ. ಕಂಬಗಳಿಗೂ ಮರಗಳಿಗೂ ನೀರು ಬಂದ ಎತ್ತರದಲ್ಲಿ ನೀಲಿ ಬಟ್ಟೆಯ ಪಟ್ಟಿ ಕಟ್ಟಿ. ನೆಲದ ಗೆರೆ ಇಳಿಜಾರು ಚೆನ್ನಾಗಿರುವ ಅಡ್ಡರಸ್ತೆಗಳಿಗೆ ಮಾತ್ರ. ಮರಕ್ಕೆ ಮೊಳೆ ಹೊಡೆಯಬೇಡಿ. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಲೇಬೇಡಿ.

ಪುಡಿ

ಪಾಲಿಕೆಯವರು ರಸ್ತೆಯಂಚಿಗೆ ಉದುರಿಸುವ ಬ್ಲೀಚಿಂಗ್ ಪೌಡರ್, ಸುಣ್ಣ ಎರಡೂ ಬೇಡ. ಸುಣ್ಣ ತೀವ್ರ ಕ್ಷಾರ, ಕಣ್ಣಿಗೆ ಬಿದ್ದರೆ ಸುಡುತ್ತದೆ, ಮಳೆ ಬಂದರೆ ನೇರ ರಾಜಕಾಲುವೆ ಸೇರುತ್ತದೆ. ಕೆರೆಯ ಪರವಾಗಿ ಮಾಡುವ ಕೆಲಸದಲ್ಲಿ ಅದು ಸಲ್ಲದು. ಬಿಳಿ ಗೆರೆಯನ್ನು ಯಾರೂ ತಿರುಗಿ ನೋಡುವುದೂ ಇಲ್ಲ, ಯಾರೋ ಮಂತ್ರಿ ಬರುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಬೇಕಾದ್ದು ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಅಲ್ಟ್ರಾಮರೀನ್ ನೀಲಿಯ ಪುಡಿ: ಟಾರಿನ ಮೇಲೆ ನೂರಕ್ಕೆ 3 ಪಾಲು, ಕಾಂಕ್ರೀಟಿನ ಮೇಲೆ 5 ಪಾಲು. ಬಟ್ಟೆಗೆ ಹಾಕುವ ದ್ರವ ನೀಲಿ ಬೇಡ, ಅದು ಬಣ್ಣದ ದ್ರಾವಣ, ಕಲೆ ಉಳಿಯುತ್ತದೆ. ಅಲ್ಟ್ರಾಮರೀನ್ ನೀರಿನಲ್ಲಿ ಕರಗದ ಪುಡಿ, ಉಜ್ಜಿದರೆ ಹೋಗುತ್ತದೆ. ಒರಟು ಚಪ್ಪಡಿಯ ಸಂದಿಯಲ್ಲಿ ಸ್ವಲ್ಪ ಉಳಿಯಬಹುದು. ಮನೆಯ ಮುಂದಿನ ಕಲ್ಲಿನ ಮೇಲೆ ಹಾಕುವ ಮೊದಲು ಮೂಲೆಯಲ್ಲಿ ಒಂದು ಚಿಟಿಕೆ ಹಾಕಿ ನೋಡಿ. ಕಲೆ ತೆಗೆಯಲು ಆಸಿಡ್ ಸುರಿಯಬೇಡಿ. ಅಲ್ಟ್ರಾಮರೀನ್ ಆಸಿಡ್ಡಿಗೆ ಸಿಕ್ಕರೆ ಬಣ್ಣ ಕಳೆದುಕೊಂಡು ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಬಿಡುತ್ತದೆ.

ಲೆಕ್ಕ ಹೀಗೆ: ಗೆರೆ 5 ಸೆಂ.ಮೀ. ಅಗಲ, 1 ಮಿ.ಮೀ. ದಪ್ಪ ಇದ್ದರೆ 100 ಮೀಟರಿಗೆ 5 ಲೀಟರ್ ಪುಡಿ, ತೂಕದಲ್ಲಿ ಸುಮಾರು 4.5 ಕೆ.ಜಿ. 600 ಮೀಟರಿಗೆ 27 ಕೆ.ಜಿ.; ಗಾಳಿಗೆ, ಚೆಲ್ಲುವುದಕ್ಕೆ ಸೇರಿಸಿ 35 ಕೆ.ಜಿ. ತಂದಿಟ್ಟುಕೊಳ್ಳಿ. ಜರಡಿ ಹಿಡಿದು, ಒಂದು ದಿನ ಬಿಸಿಲಿಗೆ ಹರಡಿ ಒಣಗಿಸಿದ ಮೇಲೆ ನೀಲಿ ಬೆರೆಸಿ.

ಯಂತ್ರ

ಶಾಲೆಯ ಮೈದಾನಕ್ಕೆ ಗೆರೆ ಹಾಕುವ ಗಾಡಿ ಎರವಲು ಸಿಕ್ಕರೆ ಈ ಭಾಗ ಬಿಟ್ಟುಬಿಡಿ. ಮಾಡಿಸುವುದಾದರೆ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನ 15 ಲೀಟರಿನ ಡಬ್ಬ, ತಳದಲ್ಲಿ 50 ಮಿ.ಮೀ. ಉದ್ದ, 4 ಮಿ.ಮೀ. ಅಗಲದ ಸೀಳು, ಅದನ್ನು ಮುಚ್ಚಿ ತೆರೆಯಲು ಜಾರುವ ತಗಡು, 20 ಸೆಂ.ಮೀ. ವ್ಯಾಸದ ಎರಡು ರಬ್ಬರ್ ಚಕ್ರ, ಸೊಂಟದ ಎತ್ತರಕ್ಕೆ ಹಿಡಿಕೆ. ಚಕ್ರದ ಅಚ್ಚು ಡಬ್ಬದೊಳಗಿನಿಂದಲೇ, ಸೀಳಿನ ಸ್ವಲ್ಪ ಮೇಲೆ ಹಾದುಹೋಗಬೇಕು. ಅದಕ್ಕೆ ನಾಲ್ಕೈದು ಮೊಂಡು ಸಲಾಕೆ ಬೆಸೆದರೆ ಚಕ್ರ ತಿರುಗಿದಂತೆ ಪುಡಿ ಕದಡುತ್ತದೆ.

ಈ ಕದಡುವ ಸಲಾಕೆ ಇಲ್ಲದ ಗಾಡಿ ಹತ್ತು ಮೀಟರಿನಲ್ಲಿ ನಿಂತುಹೋಗುತ್ತದೆ. ನಯವಾದ ಪುಡಿ ಸೀಳಿನ ಮೇಲೆ ಕಮಾನು ಕಟ್ಟಿಕೊಳ್ಳುತ್ತದೆ. ಕೆಳಗೆ ಖಾಲಿ, ಮೇಲೆ ತುಂಬಿದ ಡಬ್ಬ. ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದರೆ ಪುಡಿ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. ಡಬ್ಬದ ತಳದ ಗೋಡೆಗಳು 60 ಡಿಗ್ರಿಗಿಂತ ಕಡಿದಾಗಿರಲಿ. ತೇವದ ದಿನವಾದರೆ ಪುಡಿಗೆ ಹತ್ತರಲ್ಲಿ ಒಂದು ಪಾಲು ಒಣ ಸಣ್ಣ ಮರಳು ಸೇರಿಸಿ. ಸೀಳಿನ ಸುತ್ತ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯನ್ನು ನೆಲಕ್ಕೆ ಎರಡು ಬೆರಳು ಬಿಟ್ಟು ಇಳಿಬಿಟ್ಟರೆ ಗಾಳಿಗೆ ಹಾರುವುದು ಕಡಿಮೆ.

ಬೀದಿಗಿಳಿಯುವ ಮೊದಲು ಟಾರ್ಪಾಲಿನ ಮೇಲೆ 10 ಮೀಟರ್ ತಳ್ಳಿ, ಬಿದ್ದ ಪುಡಿಯನ್ನು ಗುಡಿಸಿ ತೂಗಿ. 450 ಗ್ರಾಂ ಹತ್ತಿರ ಬರಬೇಕು. 800 ಬಂದರೆ ಜಾರುವ ತಗಡಿನಿಂದ ಸೀಳನ್ನು ಅರ್ಧ ಮುಚ್ಚಿ. ದಪ್ಪ ಗೆರೆ ಚಂದ ಕಾಣುತ್ತದೆ, ಆದರೆ ಅದರ ಮೇಲೆ ತುಂತುರು ಬಿದ್ದರೆ ದ್ವಿಚಕ್ರ ವಾಹನ ಜಾರುತ್ತದೆ. ರಸ್ತೆ ದಾಟುವ ಕಡೆ 30 ಸೆಂ.ಮೀ. ಗೆರೆ, ಒಂದು ಮೀಟರ್ ಬಿಡುವು. ತಿರುವಿನಲ್ಲಿ, ರಸ್ತೆ ಉಬ್ಬಿನ ಹತ್ತಿರ ಗೆರೆಯೇ ಬೇಡ.

ಹೆದರಿಕೆಗಳು

ಬೆಂಗಳೂರಿನಲ್ಲಿ ನೆಲದ ಮೇಲೆ ಗುರುತು ಹಾಕುವವರೆಂದರೆ ಸರ್ವೆಯವರು. 2016ರಲ್ಲೂ 2022ರಲ್ಲೂ ಮಳೆಯ ಬೆನ್ನಿಗೇ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿ ಬಂದಿತ್ತು. ಹಾಗಾಗಿ ಕೆಂಪು, ಹಳದಿ ಎರಡನ್ನೂ ಮುಟ್ಟಬೇಡಿ. ಬಾಣದ ಗುರುತು, ಸಂಖ್ಯೆ, ಅಡ್ಡಗೀಟು ಯಾವುದೂ ಬೇಡ. ಗೋಡೆಯ ಮೇಲಂತೂ ಒಂದು ಚುಕ್ಕಿಯೂ ಬೇಡ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯ ಗೊಡವೆ ಒಂದು ಕಡೆ, ಮನೆಯವರ ಎದೆಬಡಿತ ಇನ್ನೊಂದು ಕಡೆ. ವಾರ ಮೊದಲೇ ಮನೆಮನೆಗೆ ಹೋಗಿ, ನೀಲಿ ಗೆರೆ ನೀರಿನದು, ಸರ್ಕಾರದ್ದಲ್ಲ ಎಂದು ಹೇಳಿ. ಕಾಲುವೆಯ ಅಂಚಿನ ಶೆಡ್ಡುಗಳಲ್ಲಿರುವವರಿಗೆ ಅವರ ಭಾಷೆಯಲ್ಲೇ ಹೇಳಬಲ್ಲವರನ್ನು ಕರೆದೊಯ್ಯಿರಿ. ನೀರು ಮೊದಲು ಹೊಕ್ಕಿದ್ದು ಅವರ ಮನೆಗೆ. ಅವರ ಗುರುತಿಲ್ಲದೆ ಗೆರೆಯ ಕೆಳತುದಿ ಕೂಡಿಬರುವುದಿಲ್ಲ.

ಸ್ವಂತ ಮನೆಯವರ ಹೆದರಿಕೆ ಬೇರೆ: ಸೈಟಿನ ಬೆಲೆ. ಇದಕ್ಕೆ ಸಿದ್ಧ ಉತ್ತರವಿಲ್ಲ, ವಾದ ಮಾಡಿ ಗೆಲ್ಲಲೂ ಆಗದು. ಬೇಡ ಎಂದವರ ಮನೆಯ ಮುಂದೆ ಗೆರೆ ಬಿಟ್ಟು, ಆಚೆ ಮುಂದುವರಿಸಿ. ನಡುವಿನ ಆ ಖಾಲಿ ಜಾಗ ತಾನೇ ಮಾತಾಡುತ್ತದೆ. ಎಷ್ಟೋ ಸಲ ಅವರೇ ಹೊರಗೆ ಬಂದು ‘ಇಲ್ಲೂ ಹಾಕಿ’ ಎನ್ನುತ್ತಾರೆ.

ಸಂಚಾರ ಪೊಲೀಸರಿಗೆ, ವಾರ್ಡ್ ಕಚೇರಿಗೆ ಮೊದಲೇ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಬೆಂಗಳೂರಿನಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಿಗೆ ಸೀಮಿತ ಎಂಬ ನಿಯಮವಿದೆ. ಬ್ಯಾನರ್, ಘೋಷಣೆ, ಮೈಕು ಬಂದರೆ ಗೆರೆ ಎಳೆಯುವುದೂ ಮೆರವಣಿಗೆಯ ಲೆಕ್ಕಕ್ಕೆ ಸೇರುತ್ತದೆ. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಮಲಗಿಸಿದ, 2019ರಲ್ಲಿ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷದವರನ್ನು ನಡೆಸಿದ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸಗಳಲ್ಲೂ ಘೋಷಣೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಆದರೆ ಆ ಕೃತಿಗಳಿಗೆ ಎದುರಾಳಿ ಸ್ಪಷ್ಟ: ಗುಂಡಿ ಮುಚ್ಚಬೇಕಾದವರು. ನೆರೆಗೆರೆಗೆ ಅಂಥ ಒಬ್ಬನೇ ಎದುರಾಳಿ ಇಲ್ಲ. ಮೋರಿ ಕಿರಿದು ಮಾಡಿದವರು, ಕೆರೆಯಂಗಳದಲ್ಲಿ ಸೈಟು ಮಾಡಿದವರು, ಅದನ್ನು ಕೊಂಡವರು, ಚರಂಡಿಗೆ ಕಟ್ಟಡದ ಕಸ ಸುರಿದವರು, ಎಲ್ಲರೂ ಅದೇ ಬೀದಿಯಲ್ಲಿ ನಿಂತು ನೋಡುತ್ತಿರಬಹುದು. ಅದಕ್ಕೇ ಇಲ್ಲಿ ಮಾತಿಗೆಂದೇ ಇಬ್ಬರು ಬೇಕು. ಅವರು ಗಾಡಿ ಮುಟ್ಟಬಾರದು. ‘ಹವಾಮಾನ ಬದಲಾವಣೆ’ ಎಂದು ಶುರುಮಾಡಿದರೆ ಜನ ನಡೆದುಬಿಡುತ್ತಾರೆ. ‘ಆವತ್ತು ನೀರು ಎಲ್ಲಿವರೆಗೆ ಬಂದಿತ್ತು, ಸ್ವಾಮಿ?’ ಎಂದು ಕೇಳಿದರೆ ನಿಲ್ಲುತ್ತಾರೆ.

ಆ ದಿನ

ಭಾನುವಾರ, ಪೌರಕಾರ್ಮಿಕರು ಗುಡಿಸಿ ಹೋದ ಮೇಲೆ. ಮೊದಲೇ ಎಳೆದರೆ ಗೆರೆ ಪೊರಕೆಗೆ ಹೋಗುತ್ತದೆ, ಅವರಿಗೆ ಕೆಲಸವೂ ದುಪ್ಪಟ್ಟು. ಹಿಂದಿನ ದಿನವೇ ಅವರಿಗೆ ತಿಳಿಸಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮಾಡುವುದಾದರೆ ಮಧ್ಯಾಹ್ನದ ಗುಡುಗುಮಳೆಗೆ ಮುಂಚೆ, ಬೆಳಗ್ಗೆ 9ರ ಒಳಗೆ ಮುಗಿಸಿ. ಹತ್ತು ಜನ ಸಾಕು: ಟ್ಯೂಬಿಗೆ ಇಬ್ಬರು, ಗಾಡಿಗೆ ಒಬ್ಬರು, ಪುಡಿ ತುಂಬಲು ಒಬ್ಬರು, ಹಿಂದೆ ಮುಂದೆ ವಾಹನ ನೋಡಲು ಇಬ್ಬರು, ಬರೆದುಕೊಳ್ಳಲು ಒಬ್ಬರು, ಫೋಟೊಗೆ ಒಬ್ಬರು, ಮಾತಿಗೆ ಇಬ್ಬರು. ಪ್ರತಿ ಬೀದಿಯಲ್ಲೂ ಗಾಡಿ ಆ ಬೀದಿಯವರ ಕೈಗೇ ಹೋಗಬೇಕು. ಗೆರೆ ಸ್ವಲ್ಪ ಸೊಟ್ಟಗಾದರೆ ಆಗಲಿ.

ನೀರು ನಿಂತ ಜಾಗದೊಳಗಿನ ಮನೆಗಳಿಗೆ ಗೆರೆ ಸಿಗುವುದಿಲ್ಲ, ಅದು ಅಂಚಿನಲ್ಲಿರುತ್ತದೆ. ಅಲ್ಲಿ ಗೇಟಿನ ಮುಂದೆ ಮನೆಯವರೇ ಚುಕ್ಕಿ ರಂಗೋಲಿ ಹಾಕಲಿ, 10 ಸೆಂ.ಮೀ. ನೀರಿಗೆ ಒಂದು ಚುಕ್ಕಿ. ಗೇಟಿನ ಹತ್ತಿರ 70 ಸೆಂ.ಮೀ. ನಿಂತಿದ್ದರೆ 7 ಚುಕ್ಕಿ, 7 ಸಾಲು. ಎಷ್ಟು ಚುಕ್ಕಿಯದು ಎಂದು ರಂಗೋಲಿ ಓದಲು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬೀದಿಯುದ್ದಕ್ಕೂ ನಡೆದರೆ 3, 5, 7, 9 ಎಂದು ತಗ್ಗು ಎಲ್ಲಿದೆಯೆಂದು ಗೊತ್ತಾಗುತ್ತದೆ. ಕಲ್ಲಿನ ರಂಗೋಲಿ ಪುಡಿಯನ್ನು ಬೇರೆ ಚೀಲಕ್ಕೆ ಸುರಿಯುವಾಗ, ಬಣ್ಣ ಬೆರೆಸುವಾಗ ಮುಖಗವಸು ಹಾಕಿ. ಬೆಣಚುಕಲ್ಲಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ವಾಹನ ಓಡಾಡುವ ಕಡೆ ಗೆರೆ ಸಂಜೆಗೇ ಮಾಸುತ್ತದೆ, ಮೊದಲ ಮಳೆಗೆ ಪೂರ್ತಿ ಹೋಗುತ್ತದೆ. ಹೋಗಲಿ. ಉಳಿಯಬೇಕಾದ್ದು ಪಟ್ಟಿ: ಗುರುತಿನ ಜಾಗ, ಯಾವ ವಸ್ತುವಿನ ಮೇಲೆ, ನೆಲದಿಂದ ಎಷ್ಟು ಎತ್ತರ, ಯಾವ ತಾರೀಕಿನ ನೆರೆ, ಪಕ್ಕದಲ್ಲಿ ಅಳತೆಕೋಲು ಹಿಡಿದ ಫೋಟೊ. ಮನೆಯವರ ಹೆಸರು ಬೇಡ. ಒಂದು ಪ್ರತಿ ವಾರ್ಡ್ ಕಚೇರಿಗೆ, ಒಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳು ಅವರ ಬಳಿ ಇವೆ, ಕಾಲುವೆಯಾಚೆಗೆ ನೀರು ಎಲ್ಲಿಯವರೆಗೆ ಹರಡಿತು ಎಂಬುದನ್ನು ಆ ಸಂವೇದಕ ಹೇಳುವುದಿಲ್ಲ. ಪ್ರತಿ ಮೋರಿಯ ಕಣ್ಣಿನ ಅಗಲ, ಎತ್ತರವನ್ನೂ ಅದೇ ಪಟ್ಟಿಗೆ ಸೇರಿಸಿ, ಮೇಲ್ಗಡೆಯ ಮಟ್ಟ ಒಂದು ಕಾಲಂನಲ್ಲಿ, ಕೆಳಗಡೆಯದು ಪಕ್ಕದಲ್ಲಿ. ಎರಡರ ವ್ಯತ್ಯಾಸ ಎಲ್ಲಿ ಹೆಚ್ಚಿದೆಯೋ ಆ ಮೋರಿಯ ಬಗ್ಗೆ ಮೊದಲ ಅರ್ಜಿ ಬರೆಯಿರಿ.